ಯಂತ್ರದ ಹಂಚಿಕೆ ಮತ್ತು ಮನೆಯ ಮೊಬೈಲು

ಹಂಚಿಕೆಯ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಧರ್ಮಾ ಕಾಲುವೆಯನ್ನು ನೆಚ್ಚಿದ ಹಾನಗಲ್ಲ ತಾಲೂಕಿನ ಭತ್ತದ ಗದ್ದೆಗಳಲ್ಲಿ, ಹಿರೇಕೆರೂರ ಸೀಮೆಯ ಮದಗ ಮಾಸೂರು ಕೆರೆಯ ಕೆಳಗಿನ ಹೊಲಗಳಲ್ಲಿ, ನೀರಿನ ಪಾಳಿ ಯಾರಿಗೆ ಎಂಬುದು ತಲೆಮಾರುಗಳಿಂದ ಚರ್ಚೆಯ, ಒಮ್ಮೊಮ್ಮೆ ಜಗಳದ ವಿಷಯವೇ ಆಗಿದೆ. ಕಾಲುವೆಯ ಬಾಯಿಯಲ್ಲಿರುವವನಿಗೆ ನೀರು ತಾನಾಗಿ ಹರಿದು ಬರುತ್ತದೆ. ಕೊನೆಯ ಹೊಲದವನಿಗೆ ಪಾಳಿಯ ಕಟ್ಟಳೆಯೊಂದೇ ಆಸರೆ. ಇಂದು ಅಂಥದೇ ಹಂಚಿಕೆಯೊಂದು ಪ್ರತಿಯೊಂದು ಮೊಬೈಲಿನ ಒಳಗೆ ಕ್ಷಣಕ್ಷಣಕ್ಕೂ ನಡೆಯುತ್ತಿದೆ. ಅದರ ಕಟ್ಟಳೆಯನ್ನು ಬರೆದವರು ಯಾರು, ಅದು ಯಾರ ಪರವಾಗಿದೆ ಎಂಬುದನ್ನು ಮೊಬೈಲಿನ ಒಡೆಯನು ಕೇಳಿದವನಲ್ಲ. ಅವನಿಗೆ ಹೇಳಿದವರೂ ಇಲ್ಲ.

ಗಣಕದಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತವೆ; ಪ್ರೊಸೆಸರಿನ ಸಮಯ, ಮೆಮರಿ, ಬ್ಯಾಟರಿ ಮಾತ್ರ ಮಿತವಾದವು. ಇವುಗಳನ್ನು ಹಂಚುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ ಕಾಲಹಂಚಿಕೆಯ ವ್ಯವಸ್ಥೆ ಈ ವಿದ್ಯೆಯ ಆದಿಪರ್ವಗಳಲ್ಲೊಂದು. ಬೇಗ ಮುಗಿಯುವ ಕೆಲಸವನ್ನು ಮೇಲಿನ ಸಾಲಿನಲ್ಲಿರಿಸಿ, ಬಹಳ ಹೊತ್ತು ಹಿಡಿಯುವುದನ್ನು ಕೆಳಗಿನ ಸಾಲಿಗೆ ಇಳಿಸುವ ಅವರ ಕ್ರಮವು, ಹಿಂದಿನ ನಡೆಯನ್ನು ನೋಡಿ ಮುಂದಿನದನ್ನು ಊಹಿಸುವುದೇ ಆಗಿದ್ದಿತು. ವಿಂಡೋಸ್ ವಿಸ್ಟಾದ ‘ಸೂಪರ್‌ಫೆಚ್’ ಎಂಬ ಅಂಗವು ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ಬಳಕೆದಾರನು ಯಾವ ವೇಳೆಯಲ್ಲಿ ಏನನ್ನು ತೆರೆಯುವನೆಂದು ಗಮನಿಸಿ, ಅದನ್ನು ಮುಂಚಿತವಾಗಿಯೇ ಮೆಮರಿಗೆ ತಂದಿರಿಸತೊಡಗಿತು.

ಇವೆರಡರಲ್ಲಿಯೂ ನಿಯಮವನ್ನು ಬರೆದವರು ಮನುಷ್ಯರು. 2018ರ ಆಂಡ್ರಾಯ್ಡ್ 9ರಲ್ಲಿ ಗೂಗಲ್ ಸಂಸ್ಥೆಯು ಡೀಪ್‌ಮೈಂಡ್ ಸಂಸ್ಥೆಯ ಸಹಯೋಗದಿಂದ ‘ಅಡಾಪ್ಟಿವ್ ಬ್ಯಾಟರಿ’ಯನ್ನು ತಂದಾಗ ಈ ನಿರ್ಣಯದ ಒಂದು ಪಾಲು ಯಂತ್ರಕಲಿಕೆಗೆ ಸೇರಿತು. ಯಾವ ಆ್ಯಪ್ ಮುಂದಿನ ಕೆಲವು ಗಂಟೆಗಳಲ್ಲಿ ಬೇಕಾದೀತೆಂದು ಯಂತ್ರವೇ ಊಹಿಸುತ್ತದೆ. ಆ್ಯಪುಗಳನ್ನು ಸಕ್ರಿಯ, ನಿತ್ಯಬಳಕೆಯ, ಆಗಾಗಿನ, ಅಪರೂಪದ ಎಂಬಂಥ ಗುಂಪುಗಳಾಗಿ ವಿಂಗಡಿಸುತ್ತದೆ. ಆ ವರ್ಷದ ವ್ಯವಸ್ಥೆಯಲ್ಲಿ ಅಪರೂಪದ ಗುಂಪಿಗೆ ಬಿದ್ದ ಆ್ಯಪಿನ ಹಿನ್ನೆಲೆಯ ಕೆಲಸವನ್ನು 24 ಗಂಟೆಗಳವರೆಗೂ ಮುಂದೂಡಬಹುದಾಗಿದ್ದಿತು. ಬಳಿಕ ‘ನಿರ್ಬಂಧಿತ’ವೆಂಬ ಮತ್ತೊಂದು ಗುಂಪು ಸೇರಿತು, 2022ರ ಆಂಡ್ರಾಯ್ಡ್ 13ರಲ್ಲಿ ಎಂಟು ದಿನ ಮುಟ್ಟದ ಆ್ಯಪ್ ಅಲ್ಲಿಗೆ ಹೋಗಬಹುದೆಂದಾಯಿತು.

ಮಿತವ್ಯಯದ ದೃಷ್ಟಿಯಿಂದ ಇದು ಶ್ಲಾಘನೀಯವೇ ಸರಿ. ಅಗ್ಗದ, ಹಳೆಯ ಮೊಬೈಲು ದಿನವಿಡೀ ಬಾಳುವಲ್ಲಿ ಇದರ ಉಪಕಾರ ದೊಡ್ಡದು. ಆಕ್ಷೇಪವಿರುವುದು ಬೇರೆಡೆ. ‘ಬಳಕೆದಾರ’ನೆಂದರೆ ಒಬ್ಬ ವ್ಯಕ್ತಿಯೆಂದು ಯಂತ್ರವು ಭಾವಿಸಿದೆ. ಸವಣೂರಿನ ಎಲೆಬಳ್ಳಿಯ ತೋಟದವನ ಮನೆಯಲ್ಲಾಗಲಿ, ಶಿಗ್ಗಾಂವಿಯ ಕೂಲಿಕಾರನ ಮನೆಯಲ್ಲಾಗಲಿ ಮೊಬೈಲು ಒಬ್ಬರ ಸೊತ್ತಲ್ಲ, ಮನೆಯ ಸೊತ್ತು. ಹಗಲು ತಂದೆಯೊಡನೆ ಪೇಟೆಗೆ ಹೋಗುತ್ತದೆ. ಸಂಜೆ ಅಣ್ಣನ ಕೈಯಲ್ಲಿ ಆಟವಾಡುತ್ತದೆ. ಹತ್ತನೆಯ ತರಗತಿಯ ಮಗಳಿಗೆ ಸಿಕ್ಕುವುದು, ಸಿಕ್ಕರೆ, ರಾತ್ರಿಯ ಒಂದು ಗಂಟೆ, ಅದೂ ವಾರದಲ್ಲಿ ಎರಡು ಮೂರು ದಿನ. ಯಂತ್ರವು ಲೆಕ್ಕ ಹಾಕುವುದು ಬಳಕೆಯನ್ನು. ಆ ಲೆಕ್ಕದಲ್ಲಿ ತಂದೆಯ ವಾಟ್ಸಾಪು ಮತ್ತು ಅಣ್ಣನ ಆಟ ಮುಂದಿನ ಸಾಲಿಗೆ, ಮಗಳ ಪಾಠದ ಆ್ಯಪು ಹಿಂದಿನ ಸಾಲಿಗೆ. ಹಗಲಿನಲ್ಲಿಯೇ ತಾನಾಗಿ ಇಳಿದು ಸಿದ್ಧವಾಗಿರಬೇಕಾಗಿದ್ದ ಪಾಠವು, ಅವಳು ತೆರೆದ ಮೇಲೆ ಇಳಿಯತೊಡಗುತ್ತದೆ. ಊರಿನ ಮಂದ ಸಂಪರ್ಕದಲ್ಲಿ ಆ ಒಂದು ಗಂಟೆಯ ಅರ್ಧ ಕಾಯುವುದರಲ್ಲಿಯೇ ಕಳೆಯುತ್ತದೆ. ಮನೆಯಲ್ಲಿ ಮೊದಲೇ ಇದ್ದ ತರತಮವನ್ನು ಯಂತ್ರವು ಕಲಿತು, ಅದನ್ನೇ ಗಟ್ಟಿಮಾಡಿ ಹಿಂದಿರುಗಿಸುತ್ತದೆ.

ಹೀಗೆ ಎಣಿಕೆ ತಪ್ಪುವುದು ಯಂತ್ರದಲ್ಲಿ ಮಾತ್ರವಲ್ಲ. 2020ರ ಆಗಸ್ಟಿನಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ರಾಜ್ಯದ ಶಿಕ್ಷಣ ಇಲಾಖೆಯು ‘ವಿದ್ಯಾಗಮ’ವನ್ನು ಆರಂಭಿಸಿ, ಮನೆಯಲ್ಲಿ ಯಾವ ಸಾಧನವಿದೆಯೆಂಬುದರ ಮೇಲೆ ಮಕ್ಕಳನ್ನು ಗುಂಪುಮಾಡಿತು. ಮರದ ನೆರಳಿಗೆ, ಓಣಿಯ ಕಟ್ಟೆಗೆ ಹೋಗಿ ಪಾಠ ಹೇಳಿದ ಶಿಕ್ಷಕರಿಗೆ ಮಾತ್ರ, ಮನೆಯಲ್ಲಿರುವ ಮೊಬೈಲು ಮಗುವಿನ ಕೈಯಲ್ಲಿದೆಯೆಂದು ತಿಳಿಯಲಾಗದೆಂಬುದು ಚೆನ್ನಾಗಿ ಗೊತ್ತಿದ್ದಿತು.

ಇನ್ನೊಂದು ಮಾತು. ಅಪರೂಪವಾದುದೆಲ್ಲ ಅಮುಖ್ಯವಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ಸಿಡಿಲಿನ ಮುನ್ಸೂಚನೆಗಾಗಿ ರಚಿಸಿದ ‘ದಾಮಿನಿ’ ಆ್ಯಪನ್ನು ರೈತನು ದಿನವೂ ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ಮುಂಗಾರಿಗೆ ಮುಂಚಿನ ಒಂದು ಮಧ್ಯಾಹ್ನ, ಅವನು ಬಯಲಿನಲ್ಲಿರುವಾಗ, ಅದು ತಾನೇ ಎಚ್ಚರಿಸಬೇಕು. ತುರ್ತೆಂದು ಗುರುತಿಸಿ ಕಳುಹಿಸಿದ ಸಂದೇಶಗಳಿಗೆ ವ್ಯವಸ್ಥೆಯಲ್ಲಿ ಬೇರೆ ದಾರಿಯುಂಟು, ನಿಜ. ಆ ದಾರಿಯನ್ನು ಹಿಡಿಯುವುದು, ಬಿಡುವುದು ಆ್ಯಪು ರಚಿಸಿದವರ ವಿವೇಕಕ್ಕೆ ಸೇರಿದುದು, ರೈತನ ವಿವೇಕಕ್ಕಲ್ಲ.

ಹಾಗೆಂದು ಯಂತ್ರಕಲಿಕೆಯನ್ನು ಹೊರಗಟ್ಟಬೇಕೆಂಬ ವಾದವು ಒಪ್ಪತಕ್ಕದ್ದಲ್ಲ. ಕಾಲುವೆಗೆ ತೂಬು ಬೇಕೇ ಬೇಕು. ತೂಬಿನ ಕೀಲಿ ಎಲ್ಲಿದೆಯೆಂದು ಊರಿಗೆ ತಿಳಿದಿರಬೇಕು. ಮೊಬೈಲಿನಲ್ಲಿ ಆ ಕೀಲಿಯು ಅಡಗಿಯೂ ಇಲ್ಲ. ಸೆಟ್ಟಿಂಗ್ಸಿನಲ್ಲಿ ಆಯಾ ಆ್ಯಪಿನ ಬ್ಯಾಟರಿ ಬಳಕೆಯನ್ನು ‘ಅನಿರ್ಬಂಧಿತ’ಗೊಳಿಸಿದರೆ ಪಾಠದ ಆ್ಯಪಾಗಲಿ ದಾಮಿನಿಯಾಗಲಿ ಈ ವಿಂಗಡಣೆಯ ಕಟ್ಟಿನಿಂದ ಬಹುಮಟ್ಟಿಗೆ ಬಿಡುಗಡೆ ಹೊಂದುತ್ತದೆ. 2014ರ ಆಂಡ್ರಾಯ್ಡ್ 5ರಿಂದ ಒಂದೇ ಮೊಬೈಲಿನಲ್ಲಿ ಹಲವು ಬಳಕೆದಾರರ ಖಾತೆಗಳನ್ನು ತೆರೆಯುವ ಸೌಲಭ್ಯವೂ ಇದೆ. ಹಾಗೆ ಮಾಡಿದಲ್ಲಿ ಮಗಳ ಬಳಕೆಯ ಲೆಕ್ಕವು ತಂದೆಯ ಲೆಕ್ಕದೊಡನೆ ಬೆರೆಯದೆ ಬೇರೆಯೇ ನಿಲ್ಲುತ್ತದೆ. ಕೆಲವು ತಯಾರಕರು ಈ ಸೌಲಭ್ಯವನ್ನೇ ಮುಚ್ಚಿ ಮಾರುತ್ತಿರುವುದು ಖಂಡನೀಯ. ಒಂದು ಮೊಬೈಲನ್ನು ನಾಲ್ವರು ಹಂಚಿಕೊಳ್ಳುವ ದೇಶದಲ್ಲಿ ಅದು ಅನಾವಶ್ಯಕವೆಂದು ಅವರಿಗೆ ತೋರಿದುದಾದರೂ ಹೇಗೆ?

ಶಾಲೆಗಳ ಗಣಕ ತರಗತಿಗಳಲ್ಲಿ ಟಂಕಿಸುವುದನ್ನೂ ಚಿತ್ರ ಬಿಡಿಸುವುದನ್ನೂ ಕಲಿಸುತ್ತಾರೆ. ಹಂಚಿಕೆಯ ಈ ವಿಷಯಕ್ಕೆ ಒಂದು ತಾಸು ಮೀಸಲಿಟ್ಟರೆ ಸಾಕು. ಪಾಲಕರ ಸಭೆಯ ದಿನ ಗಣಕ ಶಿಕ್ಷಕರು ಹತ್ತು ನಿಮಿಷ ತೆಗೆದುಕೊಂಡು, ಬಂದವರ ಮೊಬೈಲಿನಲ್ಲಿಯೇ ಈ ಸೆಟ್ಟಿಂಗನ್ನು ತೆರೆದು ತೋರಿಸಬಹುದು. ಶಾಲೆಗೆ ಗಣಕಗಳನ್ನೂ ಟ್ಯಾಬ್ಲೆಟ್ಟುಗಳನ್ನೂ ದಾನವಾಗಿ ಕೊಡುವ ಹಳೆಯ ವಿದ್ಯಾರ್ಥಿಗಳು, ಪ್ರತಿ ಮಗುವಿಗೂ ಪ್ರತ್ಯೇಕ ಖಾತೆ ತೆರೆಯಲು ಬರುವಂಥವನ್ನೇ ಆರಿಸಿ, ಕೊಡುವ ಮುನ್ನ ತಮ್ಮ ಬಳಕೆಯ ಕುರುಹುಗಳನ್ನು ಪೂರ್ತಿ ಅಳಿಸಿ ಕೊಡುವುದು ಯೋಗ್ಯ.