ಹೊಸ ಕಿಟಕಿ, ಹಳೆಯ ಯಂತ್ರ

ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅಂದಿನಿಂದ, ಗಣಕಯಂತ್ರದಲ್ಲಿ ಆಟವಾಡುವ ಮಕ್ಕಳಿರುವ ಮನೆಗಳಲ್ಲಿ ಒಂದೇ ಬೇಡಿಕೆ: "ವಿಂಡೋಸ್ 11 ಬೇಕು, ಹೊಸ ಕಂಪ್ಯೂಟರ್ ಕೊಡಿಸಿ." ನನ್ನ ವಿದ್ಯಾರ್ಥಿಗಳಾಗಿದ್ದ ನೀವೀಗ ತಂದೆತಾಯಿಯರು, ಆದ್ದರಿಂದ ಈ ಮಾತು.

ಮಕ್ಕಳ ಬೇಡಿಕೆ ಪೂರ್ತಿ ಹುರುಳಿಲ್ಲದ್ದಲ್ಲ. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡನ್ನೂ ತನ್ನ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ. 2017ರಲ್ಲಿ ಆಟಗಾರರು ಮೆಚ್ಚಿಕೊಂಡ ಇಂಟೆಲ್ ಐ7-7700ಕೆ ಆ ಪಟ್ಟಿಯಲ್ಲಿಲ್ಲ. ಅದರ ಶಕ್ತಿಯೇನೂ ಉಡುಗಿಲ್ಲ. ಪಠ್ಯಪುಸ್ತಕ ಬದಲಾಯಿತೆಂದು ಚೆನ್ನಾಗಿ ಓದುವ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸಿದಂತಾಯಿತು!

ಭದ್ರತೆ ಅಗತ್ಯವೇ. ಆದರೆ ಹಣ ತೆರುವ ಮುನ್ನ ಮೂರು ಸಂಗತಿ ವಿಚಾರಿಸಿ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಅದನ್ನು ಚಾಲೂ ಮಾಡಿದರೆ ಸಾಕಾಗಬಹುದು. ವಾಲ್ವ್ ಸಂಸ್ಥೆ 2018ರಲ್ಲಿ ಹೊರತಂದ ಪ್ರೋಟಾನ್‌ನಿಂದ ವಿಂಡೋಸ್‌ನ ಅನೇಕ ಆಟಗಳು ಉಚಿತವಾದ ಲಿನಕ್ಸ್‌ನಲ್ಲಿಯೂ ನಡೆಯುತ್ತವೆ. ಆದರೆ ವ್ಯಾಲೊರಂಟ್‌ನಂಥ ಆಟಗಳು ಅಲ್ಲಿ ನಡೆಯವು. ಆದ್ದರಿಂದ ಮಗ ಅಥವಾ ಮಗಳು ನಿಜವಾಗಿ ಆಡುವ ಆಟಗಳ ಪಟ್ಟಿಯನ್ನು ಅವರಿಂದಲೇ ಬರೆಸಿ.

ಯಂತ್ರಕ್ಕೆ ವಯಸ್ಸಾಯಿತೆಂಬುದನ್ನು ಅದು ಮಾಡುವ ಕೆಲಸ ಹೇಳಬೇಕು, ಪರದೆಯ ಮೇಲೆ ಮೂಡುವ ಸೂಚನೆಯಲ್ಲ. ಲೆಕ್ಕ ಹಾಕಿ ಕೊಂಡದ್ದು ಅಗತ್ಯ. ಹೆದರಿ ಕೊಂಡದ್ದು ದುಂದು. ಮಕ್ಕಳು ಆಟದಿಂದ ಈ ಪಾಠ ಕಲಿತರೆ ಆಟವೂ ಸಾರ್ಥಕ.