ಅಪ್ಪನ ರೇಜರ್, ನನ್ನ ಗದ್ದ

ಗದ್ದಕ್ಕೆ ಅಂಟಿಸಿದ್ದ ಪೇಪರ್ ಚೂರು ನೋಡಿ ಮೊಮ್ಮಗಳು ಕೇಳಿದಳು: "ತಾತ, ಇವತ್ತೂ ಗಾಯ ಮಾಡ್ಕೊಂಡ್ಯಾ?"

ಏನು ಮಾಡಲಿ! ತೀರಿಹೋದ ನಮ್ಮಪ್ಪನ ಹಿತ್ತಾಳೆ ರೇಜರ್ ಟ್ರಂಕಿನಲ್ಲಿ ಸಿಕ್ಕಿತ್ತು. ಅದರಲ್ಲೇ ಗಡ್ಡ ಹೆರೆಯಬೇಕೆಂಬ ಹಟ ನನಗೆ.

ಬ್ಲೇಡ್ ತೆಗೆದಿಟ್ಟು ಇಬ್ಬರೂ ಅದನ್ನು ಬಿಚ್ಚಿದೆವು. ಹಿಡಿ, ತಟ್ಟೆ, ಮುಚ್ಚಳ, ಮೂರೇ ತುಂಡು. ಹಿಡಿ ತಿರುಗಿಸಿದರೆ ಮುಚ್ಚಳವು ಬ್ಲೇಡನ್ನು ಬಾಗಿಸಿ ತಟ್ಟೆಗೆ ಒತ್ತುತ್ತದೆ. ಬ್ಲೇಡಿನ ಅಂಚು ಎಷ್ಟು ಹೊರಗೆ ಇಣುಕುತ್ತದೆ ಎನ್ನುವುದರಲ್ಲೇ ಇದೆ ಗುಟ್ಟು. ಅಪ್ಪನದು ತಂತಿಯಂಥ ಗಡ್ಡ. ಬಾಚಣಿಗೆ ಹಲ್ಲಿನ ಅವರ ರೇಜರಿನಲ್ಲಿ ಅಂಚು ಚೆನ್ನಾಗಿಯೇ ಇಣುಕುತ್ತಿತ್ತು. ನನ್ನದೋ ತೆಳು ಚರ್ಮ.

ಬಳಸಿ ಬಿಸಾಡುವ ಬ್ಲೇಡಿನ ಈ ರೇಜರನ್ನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟಕ್ಕಿಟ್ಟಾಗ, ಆ ವರ್ಷ ಖರ್ಚಾದದ್ದು 51 ಅಷ್ಟೇ! 1938ರಲ್ಲಿ ಅವರ ಕಂಪನಿ ತಂದ 'ಟೆಕ್' ರೇಜರಿಗೆ ಹಲ್ಲಿಲ್ಲ, ನೇರ ಪಟ್ಟಿ. ಸಾಧು ಸ್ವಭಾವ.

ಹಳೇ ಸಾಮಾನಿನ ಅಂಗಡಿಯಲ್ಲಿ ಅಂಥದೊಂದು ಸಿಕ್ಕಿತು. ತಟ್ಟೆ ಸೊಟ್ಟಗಿಲ್ಲವೇ, ಹಿಡಿಯ ತಿರುಪು ಸವೆದಿಲ್ಲವೇ, ಬ್ಲೇಡ್ ಎರಡೂ ಕಡೆ ಸಮನಾಗಿ ಕಾಣುತ್ತದೆಯೇ, ಎಲ್ಲ ನೋಡಿಯೇ ಕೊಂಡೆ. ಹೊಳಪು ಹೋಗಿತ್ತು, ಹೋಗಲಿ. ಬಿಸಿನೀರು, ಸೋಪು ಹಾಕಿ ಉಜ್ಜಿದೆ. ಹೊಸ ಬ್ಲೇಡ್ ಹಾಕಿ, ಒತ್ತದೆ ಅದರ ಭಾರಕ್ಕೇ ಬಿಟ್ಟು ಎಳೆದೆ. ಒಂದು ಹನಿ ರಕ್ತವಿಲ್ಲ!

ಅಪ್ಪನದು ಈಗ ಬ್ಲೇಡಿಲ್ಲದೆ ಕನ್ನಡಿಯ ಪಕ್ಕ ನಿಂತಿದೆ. ಭಾನುವಾರ ಅದನ್ನು ಒರೆಸುವ ಕೆಲಸ ಮೊಮ್ಮಗಳದು.