ಕಡಲಿಗೆ ಕಲ್ಲು, ಜನರಿಗೆ ಬೇಲಿ

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತ. ಅದರ ಬೆನ್ನಿಗೇ ಬಂಡೆ ಹೊತ್ತ ಲಾರಿಗಳು. ಬಂಡೆ ಸುರಿದರೆ ಹಿಂದಿನ ಮನೆ, ರಸ್ತೆ ಕೆಲಕಾಲ ಉಳಿದೀತು. ಮರಳ ದಂಡೆ ಉಳಿಯದು. ಗೋಡೆಗೆ ಬಡಿದು ಮರಳುವ ಅಲೆ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದವರ ಅಂಗಳ ಕುಸಿಯುತ್ತದೆ. ನೇತ್ರಾವತಿಯ ಮರಳು ಲಾರಿಯೇರಿ ಮಾರಾಟವಾದ ಮೇಲೆ ಕಡಲನ್ನು ದೂರಿ ಫಲವೇನು?

2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮಂಜೂರು ಮಾಡಿದ ಸಾಲದ ಯೋಜನೆಯಲ್ಲಿ, ಉಳ್ಳಾಲದ ಕಡಲೊಳಗೇ ಅಲೆಯ ಬಲ ತಗ್ಗಿಸುವ ದಿಬ್ಬಗಳು ಬಂದವು. ದಡದ ಗೋಡೆಯೊಂದೇ ದಾರಿಯಲ್ಲ ಎಂಬುದು ಸರಕಾರಕ್ಕೂ ಗೊತ್ತು. ಆದರೂ ಬಂಡೆಯೇ ಮದ್ದು!

ಜನರ ತುಳಿತದಿಂದ ತೀರ ಹಾಳಾಗುತ್ತಿದೆ, ಬೇಲಿ ಹಾಕಿ, ಟಿಕೆಟ್ ಇಡಿ ಎನ್ನುವವರಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ತುಳಿತಕ್ಕೆ ಮರಳದಿಬ್ಬ ಸವೆಯುವುದು ನಿಜ. ಅದಕ್ಕೆ ದಿಬ್ಬದ ಮೇಲೆ ಹಲಗೆಯ ಕಾಲುದಾರಿ ಹಾಕಲಿ, ಇಕ್ಕೆಲಗಳಲ್ಲಿ ಮರಳು ಹಿಡಿಯುವ ಬಳ್ಳಿ ಬೆಳೆಸಲಿ, ವಾಹನ ನಿಲ್ಲಿಸುವ ಜಾಗವನ್ನು ಹಿಂದಕ್ಕೆ ಸರಿಸಲಿ. ಗಾಲಿಕುರ್ಚಿಯವರಿಗೂ ಆಗ ಕಡಲು ಸಿಕ್ಕೀತು.

ಭಾನುವಾರ ಮಕ್ಕಳನ್ನು ಕರೆತರುವ ಬೀಡಿ ಕಟ್ಟುವ ತಾಯಿಗೆ, ದರ್ಗಾಕ್ಕೂ ದೇವಸ್ಥಾನಕ್ಕೂ ಬಂದವರಿಗೆ, ಬಲೆ ಒಣಗಿಸುವ ಮೊಗವೀರರಿಗೆ, ಬ್ಯಾರಿಗಳಿಗೆ ಕಾಸಿಲ್ಲದೆ ಸಿಗುವ ಬಯಲು ಇದು. ರೆಸಾರ್ಟಿನ ಕಾಂಪೌಂಡು ಕಂಡಾಗ ಸುಮ್ಮನಿರುವ ಪರಿಸರ ಕಾಳಜಿ ಬಡವರ ಕಾಲು ಕಂಡಾಗ ಮಾತ್ರ ಎಚ್ಚರಗೊಳ್ಳುವುದೇಕೆ?

ಕಡಲ ತೀರ ನಮ್ಮ ಕೈಗಿತ್ತ ಅಮಾನತ್ತು. ಮುಂದಿನ ತಲೆಮಾರಿಗೆ ಅದನ್ನು ಕಾಪಾಡಿ ಕೊಡಬೇಕು. ಹಾಗೆಂದು ಇಂದಿನವರ ಮುಖಕ್ಕೆ ಗೇಟು ಮುಚ್ಚುವ ಹಕ್ಕು ಕಾವಲುಗಾರನಿಗಿಲ್ಲ.